ಒಂದು ಗೇಣು ಸೊಟ್ಟ ಹೊಲಿಗೆ

ಪ್ಲಾಸ್ಟರು ತೆಗೆದ ದಿನ ಶೈಲಾ ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ ಬಲಗೈಯಿಂದ ಕಪ್ಪು ಎತ್ತಲು ಹೋಗಿ ಗಂಡನ ಪ್ಯಾಂಟಿನ ಮೇಲೆ ಚಹಾ ಚೆಲ್ಲಿದಳು. ಸೋಮಶೇಖರ ಕರವಸ್ತ್ರದಿಂದ ಒರೆಸಿಕೊಂಡ, ಇನ್ನೊಂದು ಚಹಾ ಹೇಳಿದ, ಅದನ್ನು ತಾನೇ ಹಿಡಿದು ಮಗುವಿಗೆ ಕುಡಿಸುವ ಹಾಗೆ ಅವಳ ಬಾಯಿಯ ಹತ್ತಿರ ಒಯ್ದ. ಅಕ್ಕಪಕ್ಕದ ಬೆಂಚಿನವರು ನೋಡುತ್ತಿದ್ದರು.

"ಕೆಳಗ ಇಡ್ರಿ," ಎಂದಳು ಶೈಲಾ. ಎಡಗೈಯಿಂದ ಕಪ್ಪು ತೆಗೆದುಕೊಂಡು ಕುಡಿದಳು. ಆಮೇಲೆ ಅವನ ಬೈಕಿನ ಹಿಂದೆ ಕೂತು ಗೋಕಾಕದ ಮನೆಗೆ ಬಂದಳು.

ಹತ್ತೊಂಬತ್ತು ವರ್ಷದಿಂದ ಅವಳು ಬಸ್ ಕಂಡಕ್ಟರು. ಮೂಡಲಗಿಯಿಂದ ಹೊರಟು ಕಲ್ಲೋಳಿ, ಗೋಕಾಕ, ಘಟಪ್ರಭಾ ದಾಟಿ ಹುಕ್ಕೇರಿ ಮುಟ್ಟುವ ಗಾಡಿಯಲ್ಲಿ ಅವಳ ದನಿ ಕೇಳದವರು ಆ ದಾರಿಯಲ್ಲಿ ಕಡಿಮೆ. ಆಳು ಗಿಡ್ಡ, ದನಿ ದೊಡ್ಡದು. ಮೂರು ತಿಂಗಳ ಹಿಂದೆ ಘಟಪ್ರಭೆಯ ಈಚೆಗೆ, ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಟ್ರೇಲರು ಕೊಂಡಿ ಕಳಚಿಕೊಂಡು ರಸ್ತೆಗೆ ಅಡ್ಡ ನಿಂತಿತು. ಡ್ರೈವರು ಎದ್ದುನಿಂತು ಬ್ರೇಕು ಒತ್ತಿದ್ದರಿಂದ ಗಾಡಿಯಲ್ಲಿದ್ದ ಅರವತ್ತು ಮಂದಿ ಉಳಿದರು. ನಡುವಿನ ದಾರಿಯಲ್ಲಿ ಟಿಕೆಟ್ ಕೊಡುತ್ತ ನಿಂತಿದ್ದ ಶೈಲಾ ಮಾತ್ರ ಹೋಗಿ ಮುಂದಿನ ಕಂಬಕ್ಕೆ ಬಡಿದಳು. ಬಲ ಮಣಿಕಟ್ಟು ಎರಡು ಕಡೆ ಮುರಿಯಿತು. ಒಳಗೆ ಒಂದು ಪ್ಲೇಟು, ಐದು ಸ್ಕ್ರೂ ಹಾಕಿದರು. ಮೊದಲ ಸಲ ಕೂಡಿಸಿದ್ದು ಸರಿ ಬರಲಿಲ್ಲವೆಂದು ಮತ್ತೊಮ್ಮೆ ಕೊಯ್ದರು. ಈಗ ಎಲುಬು ಕೂಡಿತ್ತು, ಆದರೆ ಹೆಬ್ಬೆರಳು ತೋರುಬೆರಳನ್ನು ಮುಟ್ಟುತ್ತಿರಲಿಲ್ಲ. ಎರಡರ ನಡುವೆ ಒಂದು ಅಡಕೆ ಹಿಡಿಯುವಷ್ಟು ಸಂದು ಉಳಿದಿತ್ತು.

"ಸಣ್ಣ ಸಣ್ಣ ಕೆಲಸ ಮಾಡ್ರಿ," ಎಂದಿದ್ದಳು ಬೆರಳಿಗೆ ವ್ಯಾಯಾಮ ಕಲಿಸುವ ಹುಡುಗಿ. "ಬೆರಳು ಬ್ಯಾಸರಾಗಿ ಅಳಬೇಕು, ಅಷ್ಟ ಮಾಡ್ರಿ. ಇಲ್ಲಂದ್ರ ಹಿಂಗ ಕಟಗಿ ಆಗಿ ಉಳೀತಾವ."

ಮನೆಯಲ್ಲಿ ಸಣ್ಣ ಕೆಲಸ ಸಿಗಲಿಲ್ಲ. ಸೋಮಶೇಖರ ಯಾವ ಕೆಲಸಕ್ಕೂ ಬಿಡಲಿಲ್ಲ. ಅವನದು ಪಂಪ್‌ಸೆಟ್ಟಿನ ಮೋಟಾರು ರಿಪೇರಿಯ ಅಂಗಡಿ. ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರ ಸುತ್ತು ಸುತ್ತುವ ಕೈ ಅವನದು. ಬೆಳಿಗ್ಗೆ ಎದ್ದು ಅವನೇ ಚಹಾ ಮಾಡುತ್ತಿದ್ದ, ರೊಟ್ಟಿ ಮಾಡಲು ಓಣಿಯ ಗೌರವ್ವನನ್ನು ಗೊತ್ತು ಮಾಡಿದ್ದ. ಮಗಳು ಐಶ್ವರ್ಯ ಬೆಳಗಾವಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ದಿನಾ ಫೋನು ಮಾಡಿ, "ಅವ್ವಾ, ಬೆರಳು ಮಡಚು, ಮಡಚು," ಎನ್ನುತ್ತಿದ್ದಳು. ಸೋಮಶೇಖರ ಮಾತ್ರ ಪ್ರತಿ ರಾತ್ರಿ ಊಟದ ಹೊತ್ತಿಗೆ ಒಂದೇ ಮಾತು ಆಡುತ್ತಿದ್ದ.

"ಹತ್ತೊಂಬತ್ತ ವರ್ಷ ನಿಂತಿ. ಸಾಕಿನ್ನ. ಡಿಪೋದಾಗ ಕುಂದ್ರೂ ಕೆಲಸ ಕೇಳೂಣು. ಕೊಡಲಿಲ್ಲಂದ್ರ ಬಿಟ್ಟಬಿಡು."

"ನೋಡೂಣು," ಎನ್ನುತ್ತಿದ್ದಳು ಶೈಲಾ. ಅವಳ ನೋಡೂಣು ಎಂದರೆ ಆಗೂದಿಲ್ಲ ಎಂದು. ಇಪ್ಪತ್ತೆರಡು ವರ್ಷ ಬಾಳ್ವೆ ಮಾಡಿದವನಿಗೆ ಅದು ತಿಳಿದಿತ್ತು.

ಮೂಡಲಗಿಯಿಂದ ಶೈಲಾಳ ತಾಯಿ ಕಾಶೆವ್ವ ಬಂದಳು. ಎಪ್ಪತ್ತು ದಾಟಿದ ಮುದುಕಿ, ಹಳೆ ಸೀರೆಗಳನ್ನು ಪದರ ಹಾಕಿ ಕೌದಿ ಹೊಲಿಯುವುದರಲ್ಲಿ ಆ ಕಡೆ ಹೆಸರು. ಬಾಣಂತಿಯ ಕೌದಿ, ತೊಟ್ಟಿಲ ಕೌದಿ, ಮದುಮಕ್ಕಳ ಕೌದಿ ಎಂದು ಎಷ್ಟು ಮನೆಗೆ ಹೊಲಿದಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಬಂದವಳು ಮಗಳ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಿರುವಿ ನೋಡಿದಳು. ಅಳಲಿಲ್ಲ.

"ಸೂಜಿ ಹಿಡಿ," ಎಂದಳು.

"ಯವ್ವಾ, ಚಮಚ ಹಿಡಿಯಾಕ ಬರವಲ್ದು."

"ಚಮಚ ಹಿಡೀ ಅಂದ್ನೇನ ನಾ?"

ಮಗ್ಗುಲ ಮನೆಯ ಭಕ್ತಿ ಆಗ ಅಲ್ಲೇ ಕೂತಿದ್ದಳು. ಜೈನರ ಮನೆಯ ಹುಡುಗಿ, ಮಾರ್ಕೆಟ್ಟಿನಲ್ಲಿ ಹೊಲಿಗೆಯ ಅಂಗಡಿ ಇಟ್ಟುಕೊಂಡಿದ್ದಳು. ಶೈಲಾಗೆ ಹದಿನೈದು ವರ್ಷ ಸಣ್ಣವಳಾದರೂ ಗೆಳತಿಯ ಹಾಗೆ ಇದ್ದಳು. ತಾಯಿ ಮಗಳ ಮಾತು ಕೇಳಿ ನಕ್ಕು, ಮನೆಗೆ ಓಡಿಹೋಗಿ ಒಂದು ಚೀಲ ತಂದಳು. ಅದರಲ್ಲಿ ಮೇಣ ಹಚ್ಚಿ ಬಣ್ಣ ಹಾಕಿದ ಎರಡು ತುಂಡು ಬಾಟಿಕ್ ಬಟ್ಟೆ. ಒಂದರದು ಗಾಢ ನೀಲಿ ನೆಲ, ಅದರ ತುಂಬ ಬಿಳಿಯ ಹಡಗು, ಉಗಿಬಂಡಿ, ವಿಮಾನ, ಪ್ರಯಾಣದ ಪೆಟ್ಟಿಗೆ, ದಿಕ್ಸೂಚಿ. ಇನ್ನೊಂದು ಅರಿಸಿನ ಬಣ್ಣದ್ದು, ಅದರಲ್ಲಿ ಮೇಣ ಬಿರಿದ ಗೆರೆಗಳು ಜೇಡರ ಬಲೆಯ ಹಾಗೆ ಹಬ್ಬಿದ್ದವು.

"ನಮ್ಮ ಕಾಕಾನ ಮಗ ಶ್ರೇಣಿಕ ಅಣ್ಣ ಹತ್ತರಗಿ ಹತ್ರ ಹೈವೇ ಮ್ಯಾಲ ಹೋಟೆಲ್ ತಗದಾನರಿ ಶೈಲಕ್ಕ. ಪ್ರವಾಸದವ್ರು ಬರ್ತಾರಂತ ಈ ಬಟ್ಟಿ ತಂದಾನ. ದೊಡ್ಡ ಟೇಬಲ್ ಮ್ಯಾಲ ಉದ್ದಕ ಹಾಸೂ ಪಟ್ಟಿ ಬೇಕಂತ. ಆರು ಫೂಟ್ ಉದ್ದ, ಒಂದೂವರಿ ಗೇಣ ಅಗಲ, ಒಳಗ ತೆಳ್ಳಗ ಹತ್ತಿ ಇಟ್ಟು ಕೌದಿಗತೆ ಕೈಲೆ ಹೊಲೀಬೇಕಂತ. ಮೊದಲ ಒಂದು, ಚಲೋ ಆದ್ರ ಉಳಿದ ಟೇಬಲ್ಲಿಗೂ. ನಂಗ ಬ್ಲೌಜಿನ ಕೆಲಸದಾಗ ಪುರಸೊತ್ತಿಲ್ಲ. ನೀವು ಮಾಡ್ರಿ."

ಕಾಶೆವ್ವ ಬಟ್ಟೆಯನ್ನು ಬೆಳಕಿಗೆ ಹಿಡಿದಳು. "ಟೇಬಲ್ಲಿಗೂ ಥಂಡಿ ಆಗ್ತೈತೇನ? ಅದಕೂ ಹೊಚ್ಚಬೇಕ?" ಆಮೇಲೆ ಮತ್ತೂ ಹತ್ತಿರ ತಂದು ನೋಡಿದಳು. "ಇದರಾಗ ಬಸ್ಸ ಇಲ್ಲಲ್ಲ."

"ಈ ಬಟ್ಟಿ ಮಾಡಿದಾವ ಬಸ್ಸಿನ್ಯಾಗ ಅಡ್ಡಾಡಿಲ್ಲ ಬಿಡು," ಎಂದಳು ಶೈಲಾ. ಬಿದ್ದ ದಿನದಿಂದ ಅವಳು ನಕ್ಕಿದ್ದು ಅದೇ ಮೊದಲು.

ಕತ್ತರಿಸುವುದನ್ನು ಕಾಶೆವ್ವ ಮಾಡಿಕೊಟ್ಟಳು. ನೀಲಿಯ ಚೌಕ, ಅದರ ಬಾಜೂ ಅರಿಸಿನದ ಪಟ್ಟಿ, ಮತ್ತೆ ನೀಲಿ. ಹಡಗಿನ ಮೂತಿ ಕತ್ತರಿಯ ಬಾಯಿಗೆ ಬೀಳದ ಹಾಗೆ, ಉಗಿಬಂಡಿಯ ಡಬ್ಬಿಗಳು ಅರ್ಧಕ್ಕೆ ತುಂಡಾಗದ ಹಾಗೆ ಮುದುಕಿ ಒಂದೊಂದು ಚೌಕಕ್ಕೂ ನಾಲ್ಕು ಸಲ ತಿರುಗಿಸಿ ನೋಡಿ ಗುರುತು ಹಾಕಿದಳು. ಚೌಕಗಳನ್ನು ಭಕ್ತಿ ಮಷೀನಿನಲ್ಲಿ ಜೋಡಿಸಿ ತಂದಳು. ಕೆಳಗೆ ಬಿಳಿ ಕಾಟನ್ನು, ನಡುವೆ ತೆಳುವಾದ ಹತ್ತಿಯ ಹಾಳೆ, ಮೇಲೆ ಬಾಟಿಕ್. ಮೂರನ್ನೂ ದೊಡ್ಡ ದೊಡ್ಡ ಹೊಲಿಗೆಯಿಂದ ಹಿಡಿದು ಕಟ್ಟಿ ಕಾಶೆವ್ವ ಅದನ್ನು ಊಟದ ಟೇಬಲ್ಲಿನ ಮೇಲೆ ಹರಡಿದಳು. ಉಳಿದದ್ದು ಸಾಲು ಹೊಲಿಗೆ. ಅಂಚಿನಿಂದ ಅಂಚಿಗೆ, ಬೆರಳಗಲಕ್ಕೊಂದು ಸಾಲು, ಅಕ್ಕಿಕಾಳಿನಷ್ಟು ಹೊಲಿಗೆ.

ಬಾಟಿಕ್ ಬಟ್ಟೆಯ ನೇಯ್ಗೆ ಒತ್ತು. ಹಳೆಯ ಸೀರೆಯಲ್ಲಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುವ ಸೂಜಿ ಇದರಲ್ಲಿ ತಡೆದು ನಿಲ್ಲುತ್ತಿತ್ತು. ಮೊದಲ ದಿನ ಶೈಲಾಳ ಬೆರಳಿನಲ್ಲಿ ಸೂಜಿ ನಿಲ್ಲಲೇ ಇಲ್ಲ. ಹಿಡಿದರೆ ಜಾರಿತು, ಒತ್ತಿದರೆ ಬಿತ್ತು. ಬಿದ್ದ ಸೂಜಿಯನ್ನು ಎತ್ತಲು ಅವಳು ಎಡಗೈ ಚಾಚಿದರೆ ಕಾಶೆವ್ವ ಆ ಕೈಯ ಮೇಲೆ ಹೊಡೆಯುತ್ತಿದ್ದಳು.

"ಅದರಲೆ ಅಲ್ಲ. ಬಿದ್ದ ಕೈಲೇನ ಎತ್ತು."

ನೆಲದ ಮೇಲಿನ ಒಂದು ಸೂಜಿ ಎತ್ತಲು ಅರ್ಧ ತಾಸು ಹಿಡಿದ ದಿನವೂ ಇತ್ತು. ತೋರುಬೆರಳ ತುದಿಗೆ ಇನ್ನೂ ಸ್ಪರ್ಶ ಬಂದಿರಲಿಲ್ಲ. ಸೂಜಿ ಚುಚ್ಚಿದ್ದು ಗೊತ್ತಾಗದೆ ಬಿಳಿ ಹಡಗಿನ ಮೇಲೆ ಕೆಂಪು ಚುಕ್ಕಿ ಮೂಡಿದ ಮೇಲೆಯೇ ಅವಳಿಗೆ ತಿಳಿಯುತ್ತಿತ್ತು. ಕಾಶೆವ್ವ ಉಗುಳು ಹಚ್ಚಿ ತಿಕ್ಕಿ ಕಲೆ ತೆಗೆಯುವಳು, ಹೊಲಿಗೆ ನೋಡುವಳು, "ಬಿಚ್ಚು" ಎನ್ನುವಳು. ಶೈಲಾ ಬಿಚ್ಚುವಳು. ಮರುದಿನ ಮತ್ತೆ ಹೊಲಿಯುವಳು, ಮತ್ತೆ "ಬಿಚ್ಚು". ಎಂಟು ದಿನದಲ್ಲಿ ಒಂದು ಇಂಚೂ ಉಳಿಯಲಿಲ್ಲ. ಒಂಬತ್ತನೆಯ ದಿನ ಶೈಲಾ ಬಟ್ಟೆಯನ್ನು ಗೋಡೆಗೆ ಎಸೆದು, "ನನ್ನಿಂದ ಆಗೂದಿಲ್ಲ, ಹೋಗ," ಎಂದು ಅತ್ತಳು. ಮುದುಕಿ ಎದ್ದುಹೋಗಿ ಬಟ್ಟೆ ತಂದು ಮತ್ತೆ ಟೇಬಲ್ಲಿನ ಮೇಲೆ ಹಾಸಿ, ಸುಕ್ಕು ತೀಡಿ, ತನ್ನ ಪಾಡಿಗೆ ಎಲಿ ಅಡಕಿ ಹಾಕಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಶೈಲಾ ಮೂಗು ಒರೆಸಿಕೊಂಡು ಬಂದು ಸೂಜಿ ಎತ್ತಿಕೊಂಡಳು. ಬಲಗೈಯಿಂದಲೇ.

ಹನ್ನೊಂದನೆಯ ದಿನ ಅವಳು ಒಂದು ಗೇಣು ಹೊಲಿದಳು. ಸಾಲು ಸಾಲೂ ಸೊಟ್ಟ. ಒಂದು ಹೊಲಿಗೆ ಅಕ್ಕಿಕಾಳಿನಷ್ಟಾದರೆ ಇನ್ನೊಂದು ಹುಣಸೆಬೀಜದಷ್ಟು. ಒಂದು ಸಾಲಂತೂ ಹಡಗನ್ನು ಬಿಟ್ಟು ವಿಮಾನದ ಬೆನ್ನು ಹತ್ತಿತ್ತು. ಕಾಶೆವ್ವ ಕನ್ನಡಕ ಏರಿಸಿ ಉದ್ದಕ್ಕೂ ಬೆರಳಾಡಿಸಿದಳು. ಶೈಲಾ ಕತ್ತರಿಯನ್ನು ಕೈಗೆ ತೆಗೆದುಕೊಂಡೇ ಕಾಯುತ್ತಿದ್ದಳು.

"ಇರ್ಲಿ," ಎಂದಳು ಮುದುಕಿ. "ಹಿಡದಾವ. ಮುಂದ ನಡಿ."

ಅಷ್ಟರಲ್ಲಿ ಇನ್ನೊಂದು ನಡೆಯಿತು. ಡಿಪೋದಲ್ಲಿ ಅವಳ ಜೊತೆಯ ಡ್ರೈವರು ಸೋಮಲಿಂಗ ಒಂದು ಮಧ್ಯಾಹ್ನ ಮನೆಗೆ ಬಂದು, "ಅಕ್ಕಾರ, ಸ್ಟೋರ್‌ಗೆ ಹೊಂಟೀರಂತಲ್ರಿ? ನಮ್ಮ ಗಾಡಿಗೆ ಬ್ಯಾರೆ ಕಂಡಕ್ಟರ್ ಹಾಕಾಕತ್ತಾರ," ಎಂದ. ಶೈಲಾಗೆ ತಿಳಿಯಲಿಲ್ಲ. ಕೇಳಿ ತಿಳಿದುಕೊಂಡಾಗ ಗೊತ್ತಾದದ್ದು, ಸೋಮಶೇಖರ ಎರಡು ದಿನದ ಹಿಂದೆ ಡಿಪೋಕ್ಕೆ ಹೋಗಿ ಮ್ಯಾನೇಜರರನ್ನು ಕಂಡು, ಅವಳು ಇನ್ನು ಗಾಡಿ ಹತ್ತುವುದಿಲ್ಲ, ಕುಳಿತು ಮಾಡುವ ಕೆಲಸ ಕೊಡಿ ಎಂದು ಹೇಳಿ ಬಂದಿದ್ದಾನೆ.

ಅವಳು ಆಗಲೇ ಸೀರೆ ಬದಲಾಯಿಸಿ ಹೊರಟಳು. ಸೇಫ್ಟಿ ಪಿನ್ನು ಹಾಕಲು ಬರದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡಿಪೋ ಮ್ಯಾನೇಜರರು ಒಳ್ಳೆಯವರು. ಕುರ್ಚಿ ತೋರಿಸಿದರು, ಕೈ ಹೇಗಿದೆ ಎಂದು ಕೇಳಿದರು.

"ನಿಮ್ಮ ಯಜಮಾನ್ರು ಬಂದಿದ್ರು. ನಿಮ್ಮ ಚಿಂತಿ ಭಾಳ ಐತಿ ಅವರಿಗೆ. ಸ್ಟೋರಿನ್ಯಾಗ ಒಂದ ಜಾಗಾ ಐತಿ. ನೀವು ಅರ್ಜಿಗೆ ಸಹಿ ಮಾಡಿದ್ರ ಆತು."

"ಸಾಹೇಬ್ರ, ಒಂದ ಮಾತ ಕೇಳ್ತೇನಿ. ನೌಕರಿ ಆರ್ಡರ್ ಯಾರ ಹೆಸರಲೆ ಬಂದಿತ್ರಿ?"

"ನಿಮ್ಮ ಹೆಸರಲೆ."

"ಹಂಗಾದ್ರ ಬಿಡೂ ಮಾತೂ ನನ್ನ ಬಾಯಿಂದ ಬರಬೇಕಲ್ರಿ? ಅವ್ರು ಹೇಳಿದ್ದು ಅವ್ರ ಅಂಜಿಕಿ. ನಾ ಹೇಳಾಕ ಬಂದದ್ದು ನನ್ನ ಮಾತು. ನನಗ ಸ್ಟೋರು ಬ್ಯಾಡ. ನನ್ನ ಗಾಡಿ ಬೇಕು."

"ಡಾಕ್ಟರು ಪಾಸ್ ಮಾಡಬೇಕಲ್ಲ, ಶೈಲಾ ಅವರ?" ಎಂದು ಅವರು ಮೆತ್ತಗೆ ಹೇಳಿದರು. "ಇನ್ನ ಎರಡೂವರಿ ತಿಂಗಳಿಗೆ ನಿಮ್ಮ ತಪಾಸಣಿ ಐತಿ. ಅವತ್ತ ಟಿಕೆಟ್ ಮಷೀನ್ ಹಿಡಿಯಾಕ ಬರಲಿಲ್ಲಂದ್ರ ನನ್ನ ಕೈಯಾಗೂ ಏನೂ ಇಲ್ಲ."

"ಅವತ್ತ ಬರಲಿಲ್ಲಂದ್ರ ನಾನ ಬಂದು ಸಹಿ ಮಾಡ್ತೇನಿ. ಅಲ್ಲೀತನಕ ಆ ಅರ್ಜಿ ಡ್ರಾವರಿನ್ಯಾಗ ಇಡ್ರಿ."

ಸಂಜೆ ಸೋಮಶೇಖರ ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಅವಳು ಟೇಬಲ್ಲಿನ ಮುಂದೆ ಹೊಲಿಯುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು. "ಡಿಪೋಕ್ಕ ಹೋಗಿದ್ರಂತಲ್ಲ."

ಅವನು ಚಪ್ಪಲಿ ಬಿಡುತ್ತ ನಿಂತ. "ಹೋಗಿದ್ನಿ. ತಪ್ಪೇನೈತಿ ಅದರಾಗ?"

"ನನ್ನ ಕೇಳಿದ್ರೇನ?"

"ಕೇಳಿದ್ರ ನೀ ಏನಂತಿ ಅನ್ನೂದ ನಂಗ ಗೊತ್ತೈತಿ."

"ಗೊತ್ತಿದ್ದೂ ಹೋದ್ರಿ."

ಸೋಮಶೇಖರನ ದನಿ ಏರಿತು. "ಹೌದು, ಹೋದ್ನಿ! ಆ ದಿನ ನನಗ ಫೋನ್ ಬಂತಲ್ಲ, ಬಸ್ಸ ಆಕ್ಸಿಡೆಂಟ್ ಆಗೇತಿ ಬರ್ರಿ ಅಂತ. ಮೋಟಾರ್ ಬಿಚ್ಚಿದ್ದು ಹಂಗ ಬಿಟ್ಟು ಗಾಡಿ ಹೊಡಕೊಂಡ ಹೋದ್ನಿ. ಅಲ್ಲೀತನಕ ನೀ ಅದೀಯೋ ಇಲ್ಲೋ ಗೊತ್ತಿರಲಿಲ್ಲ ನನಗ. ಗೋಕಾಕದಿಂದ ಘಟಪ್ರಭಾ ಎಷ್ಟ ದೂರ ಐತಿ ಅಂತ ಅವತ್ತ ತಿಳೀತು. ಇನ್ನೊಂದ ಸಲ ಆ ದಾರಿ ನನ್ನಿಂದ ಆಗೂದಿಲ್ಲ."

ಶೈಲಾಳ ಸೂಜಿ ನಿಂತಿತು. ಈ ಮಾತನ್ನು ಅವನು ಮೂರು ತಿಂಗಳಲ್ಲಿ ಒಮ್ಮೆಯೂ ಆಡಿರಲಿಲ್ಲ. ಅವನ ಮೇಲೆ ಅವಳಿಗೆ ಕನಿಕರ ಬಂತು. ಸಿಟ್ಟು ಮಾತ್ರ ಹೋಗಲಿಲ್ಲ.

"ನಿಮಗ ಕರೆಂಟ್ ಹೊಡದಿತ್ತಲ್ಲ, ಆ ವರ್ಷ," ಎಂದಳು. "ಅಂಗೈ ಸುಟ್ಟ ಹೋಗಿತ್ತು. ನಾ ಬಂದು ನಿಮ್ಮ ಅಂಗಡಿ ಮಾರಿದ್ನೇನ?"

ಸೋಮಶೇಖರ ಒಳಗೆ ಹೋಗಿ ಕೈಕಾಲು ತೊಳೆದುಕೊಂಡ. ಆ ದಿನದಿಂದ ಇಬ್ಬರ ನಡುವೆ ಉಪ್ಪು, ನೀರು, ಚಾವಿ ಇಷ್ಟೇ ಮಾತು. ಕಾಶೆವ್ವ ಅಳಿಯನ ಮುಂದೆ ರೊಟ್ಟಿ ಇಡುತ್ತ, "ಅಳಿಯಂದ್ರ, ನಿಮ್ಮ ಸಿಟ್ಟು ನಿಮ್ಮ ಹತ್ರ ಇರ್ಲಿ, ಬದನಿಕಾಯಿ ಪಲ್ಯಾ ಆರಿದ್ರ ಚಲೋ ಅನಸೂದಿಲ್ಲ," ಎಂದು ಹೇಳುವಳು. ಅವನು ರೊಟ್ಟಿ ಮುರಿದು ಉಣ್ಣುವನು.

ಪಟ್ಟಿ ಬೆಳೆಯಿತು. ನಡುವಿಗೆ ಬರುವ ಹೊತ್ತಿಗೆ ಸಾಲುಗಳು ನೆಟ್ಟಗಾದವು. ಮುಕ್ಕಾಲಿಗೆ ಬಂದಾಗ ಶೈಲಾ ಸೂಜಿಗೆ ತಾನೇ ದಾರ ಪೋಣಿಸಿದಳು. ಹೆಬ್ಬೆರಳು ತೋರುಬೆರಳನ್ನು ಯಾವ ದಿನ ಮುಟ್ಟಿತು ಎಂಬುದು ಅವಳ ಲಕ್ಷ್ಯಕ್ಕೇ ಬರಲಿಲ್ಲ. ಐಶ್ವರ್ಯ ಫೋನಿನಲ್ಲಿ ಕೇಳಿದಾಗ ಬೆರಳು ನೋಡಿಕೊಂಡು, "ಮುಟ್ಟೇತಲ್ಲ!" ಎಂದು ತಾನೇ ಬೆರಗಾದಳು. ಸುತ್ತ ಅರಿಸಿನದ ಅಂಚು ಮಡಿಸಿ ಕೊನೆಯ ಗಂಟು ಹಾಕಿ ದಾರ ಕಡಿದ ದಿನ ಮೂಡಲಗಿಯಿಂದ ತಮ್ಮ ಶಿವಕುಮಾರ ಬಂದು ತಾಯಿಯನ್ನು ಕರೆದುಕೊಂಡು ಹೋದ. ಹೋಗುವಾಗ ಕಾಶೆವ್ವ ಪಟ್ಟಿಯನ್ನು ಮೂಸಿ ನೋಡಿ, "ಚಲೋ ಆಗೇತಿ," ಎಂದಳು. ಅವಳ ಬಾಯಲ್ಲಿ ಅದು ಬಹಳ ದೊಡ್ಡ ಮಾತು.

ಭಕ್ತಿ ಪಟ್ಟಿಯನ್ನು ತಾನೇ ಹೋಟೆಲ್ಲಿಗೆ ಕಳಿಸಿಕೊಡುತ್ತೇನೆ ಎಂದಳು. ಶೈಲಾ ಕೇಳಲಿಲ್ಲ, ತಾನೇ ಬಸ್ಸಿನಲ್ಲಿ ಒಯ್ಯುತ್ತೇನೆ ಎಂದಳು. ಬಿದ್ದ ಮೇಲೆ ಅವಳು ಬಸ್ಸು ಹತ್ತಿದ್ದೇ ಇಲ್ಲ. ಆಸ್ಪತ್ರೆಗೆಲ್ಲ ಸೋಮಶೇಖರನ ಬೈಕು, ಇಲ್ಲವೇ ರಿಕ್ಷಾ. ಹುಕ್ಕೇರಿ ಗಾಡಿಯ ಮೆಟ್ಟಿಲಿಗೆ ಕಾಲಿಟ್ಟಾಗ ಗಟ್ಟಿಯಾಗಿ ಕಂಬ ಹಿಡಿದಳು. ಟ್ರೇಲರು ನಿಂತಿದ್ದ ಜಾಗ ಬಂದಾಗ ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಎರಡು ಕಡೆಯೂ ಕಬ್ಬು ಕಡಿದು ಹೊಲ ಬೋಳಾಗಿತ್ತು. ಅಷ್ಟೇ, ಬೇರೆ ಏನೂ ಇರಲಿಲ್ಲ ಅಲ್ಲಿ. ಹುಕ್ಕೇರಿಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದು ಹತ್ತರಗಿಗೆ ಹೋದಳು.

ಹೋಟೆಲ್ಲಿಗೆ ಇನ್ನೂ ಹೊಸ ಬಣ್ಣದ ವಾಸನೆ ಇತ್ತು. ಶ್ರೇಣಿಕ ಮೂವತ್ತೈದರ ಚುರುಕು ಮನುಷ್ಯ. ಒಂದು ಕಿವಿಯಲ್ಲಿ ಫೋನು ಇಟ್ಟುಕೊಂಡೇ ಬರ್ರಿ ಬರ್ರಿ ಎಂದು ಕರೆದ, ನೀರು ತರಿಸಿದ. ಪಟ್ಟಿಯನ್ನು ಉದ್ದ ಟೇಬಲ್ಲಿನ ಮೇಲೆ ಬಿಚ್ಚಿದಾಗ ಫೋನು ಇಟ್ಟ. ಕೆಲಸದವರೂ ಬಂದು ನಿಂತರು. ಕಪ್ಪು ಕಟ್ಟಿಗೆಯ ಮೇಲೆ ನೀಲಿ ಬೆಳಗಿತು. ಹೊಲಿಗೆಯ ಸಾಲುಗಳು ತೆರೆಯ ಹಾಗೆ ಉಬ್ಬಿ, ಬಿಳಿ ಹಡಗುಗಳು ನಿಜವಾಗಿ ನೀರಲ್ಲಿ ಇದ್ದ ಹಾಗೆ ಕಾಣುತ್ತಿದ್ದವು.

"ವ್ಹಾ," ಎಂದ ಶ್ರೇಣಿಕ. ಉದ್ದಕ್ಕೂ ನಡೆಯುತ್ತ ಕೈಯಾಡಿಸಿದ. ಇನ್ನೊಂದು ತುದಿಗೆ ಬಂದು ಬಗ್ಗಿ ನೋಡಿದ. "ಇಲ್ಲೇನ ಆಗೇತ್ರಿ?"

"ಯಾಕ?"

"ಇದೊಂದ ಗೇಣು ಸೊಟ್ಟ ಆಗೇತಲ್ಲ. ಉಳಿದದ್ದೆಲ್ಲಾ ಭಾರೀ ಆಗೇತಿ. ಇದೊಂದ ತುದಿ ಬಿಚ್ಚಿ ಭಕ್ತಿ ಕಡೆ ಮಷೀನ್ ಹೊಡಸಿಬಿಡ್ರಿ. ಗಿರಾಕಿ ಇಲ್ಲೇ ಕುಂದರ್ತಾರ, ಮೊದಲ ಕಣ್ಣಿಗೆ ಬೀಳೂದ ಇದು."

ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಟ್ಟೆ ಅವನದು, ಟೇಬಲ್ಲು ಅವನದು. ಶೈಲಾಗೆ ಅದು ತಿಳಿಯುತ್ತಿತ್ತು. ಆದರೂ ಅವಳ ಕೈ ತಾನಾಗಿ ಆ ತುದಿಯ ಮೇಲೆ ಹೋಗಿ ನಿಂತಿತು.

"ಇದನ್ನ ಬಿಚ್ಚೂದಿಲ್ರಿ."

"ಒಂದ ಗೇಣ ಅಲ್ರಿ, ಅಕ್ಕಾರ."

"ಹನ್ನೊಂದ ದಿನ ಹೊಲದೇನಿ ಆ ಒಂದ ಗೇಣ. ಮೊದಲ ಹತ್ತ ದಿನದ್ದು ಎಲ್ಲಾ ಬಿಚ್ಚೇನಿ. ಬಿಚ್ಚೂದಿತ್ತು, ಬಿಚ್ಚಿದ್ನಿ. ಇದನ್ನ ಬಿಚ್ಚಂಗಿಲ್ಲ."

ಶ್ರೇಣಿಕ ನಕ್ಕ. "ಹಂಗಂದ್ರ ಹೆಂಗ್ರಿ? ನಾ ಹೋಟೆಲ್ ನಡಸಾಂವ. ಪ್ರತಿಯೊಬ್ಬರಿಗೂ ಈ ಹೆಣ್ಣಮಗಳ ಕೈ ಮುರದಿತ್ತು ಅಂತ ಕಥಿ ಹೇಳ್ಕೋತ ಕುಂದರ್ಲೇನು?"

"ಬ್ಯಾಡ್ರಿ. ಯಾರಿಗೂ ಹೇಳಬ್ಯಾಡ್ರಿ." ಶೈಲಾ ಪಟ್ಟಿಯನ್ನು ಮಡಚತೊಡಗಿದಳು. ಒಂದು, ಎರಡು, ಮೂರು ಮಡಿಕೆ, ಬಲಗೈಯಿಂದ. "ನಿಮಗ ನೆಟ್ಟಗಿಂದ ಬೇಕು. ತಪ್ಪಿಲ್ಲ. ನೆಟ್ಟಗಿಂದ ಬ್ಯಾರೆ ಹೊಲದ ಕೊಡ್ತೇನಿ, ಹನ್ನೆರಡ ದಿನದಾಗ. ಇದರ ಬಟ್ಟಿ ರೊಕ್ಕ ಭಕ್ತಿ ಕಡೆ ಕಳಸ್ತೇನಿ. ಇದು ನಂದು."

ಶ್ರೇಣಿಕ ಅವಳ ಮುಖ ನೋಡಿ, ನಾಷ್ಟಾ ಮಾಡಿಕೊಂಡು ಹೋಗ್ರಿ ಎಂದು ಮಾತ್ರ ಹೇಳಿದ. ಅವಳು ಮಾಡಿಕೊಂಡೇ ಹೋದಳು, ಹಸಿವಾಗಿತ್ತು.

ಭಕ್ತಿ ಸಿಟ್ಟಿಗೆದ್ದಳು. "ಶೈಲಕ್ಕ, ಅಂವ ನಮ್ಮ ಕಾಕಾನ ಮಗಾರಿ! ಒಂದ ಮಾತ ನನ್ನ ಕೇಳಬೇಕಿಲ್ಲೇನು? ಹನ್ನೆರಡ ದಿನ ಅಂದೀರಂತ. ಹಿಂದಿನದಕ್ಕ ಎರಡ ತಿಂಗಳ ಹಿಡದೈತಿ ನಿಮಗ."

"ಸಿಟ್ಟಾಗು. ಸಿಟ್ಟಾಗೂ ಹಕ್ಕ ಐತಿ ನಿಂಗ," ಎಂದಳು ಶೈಲಾ. "ಖರೆ, ಬಟ್ಟಿ ಕೊಡು ಮೊದಲ."

ಪಟ್ಟಿಯನ್ನು ಅವಳು ತನ್ನ ಊಟದ ಟೇಬಲ್ಲಿನ ಮೇಲೆ ಹಾಸಿದಳು. ಸೊಟ್ಟ ತುದಿ ಸೋಮಶೇಖರ ಕೂಡುವ ಕಡೆಗೆ. ಮೊದಲ ರಾತ್ರಿ ಅವನು ಅದನ್ನು ಮಡಚಿ ಕುರ್ಚಿಯ ಮೇಲಿಟ್ಟು ಪೇಪರು ಹಾಸಿ ಉಂಡ. ಬೆಳಿಗ್ಗೆ ಅವಳು ಮತ್ತೆ ಹಾಸಿದಳು. ಮತ್ತೆ ಅವನು ತೆಗೆದ, ಮತ್ತೆ ಅವಳು ಹಾಸಿದಳು. ಐದನೆಯ ದಿನ ಅವನು ತೆಗೆಯಲಿಲ್ಲ. ತಾಟು ಬದಿಗೆ ಇಟ್ಟುಕೊಂಡು ಉಂಡ, ಉಣ್ಣುತ್ತ ಆ ಸೊಟ್ಟ ಸಾಲುಗಳನ್ನು ನೋಡಿದ. ತಂತಿ ಸುತ್ತುವವನ ಕಣ್ಣು; ಎಲ್ಲಿ ಕೈ ಸೋತಿದೆ, ಎಲ್ಲಿ ಮತ್ತೆ ಹಿಡಿದಿದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ದಿನ ಶೈಲಾ ಒಳಗಿನಿಂದ ಬರುವಾಗ, ಅವನು ಪಟ್ಟಿಯ ಮೇಲೆ ಬಿದ್ದ ಸಾರಿನ ಹನಿಯನ್ನು ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯುತ್ತಿದ್ದ. ಅವಳನ್ನು ಕಂಡು ಬಟ್ಟೆಯನ್ನು ಕೆಳಗಿಟ್ಟ.

"ಹೊಲೀವಾಗ ಮೇಲಿನ ಬಲ್ಬ್ ಸಾಲೂದಿಲ್ಲ ನಿನಗ," ಎಂದ. "ನಾಳೆ ಒಂದು ಉದ್ದ ಲೈಟ್ ಹಾಕ್ತೇನಿ."

"ಹಾಕ್ರಿ," ಎಂದಳು ಅವಳು.

ಎರಡನೆಯ ಪಟ್ಟಿ ಹದಿಮೂರು ದಿನದಲ್ಲಿ ಮುಗಿಯಿತು. ಹನ್ನೆರಡು ಎಂದಿದ್ದಳು, ಒಂದು ದಿನ ಮಣಿಕಟ್ಟು ಬಾತು ಸೂಜಿ ಹಿಡಿಯಲಾಗಲಿಲ್ಲ. ಆರು ಫೂಟಿನ ಉದ್ದಕ್ಕೂ ಅಕ್ಕಿಕಾಳು ಅಕ್ಕಿಕಾಳೇ. ಭಕ್ತಿ ಅಳತೆಪಟ್ಟಿ ಹಿಡಿದು ನೋಡಿದಳು, ಏನೂ ಸಿಗಲಿಲ್ಲ, ಸಿಟ್ಟು ಇಳಿಯಿತು. ಶ್ರೇಣಿಕ ಅದನ್ನು ಹಾಸಿಕೊಂಡು, ಉಳಿದ ನಾಲ್ಕು ಟೇಬಲ್ಲಿಗೂ ಹೇಳಿ ಕಳಿಸಿದ. ಅವನ್ನು ಮಾಡಲು ಶೈಲಾ ಒಪ್ಪಲಿಲ್ಲ. ಮೂಡಲಗಿಯಲ್ಲಿ ನಮ್ಮವ್ವ ಇದ್ದಾಳೆ, ಅವಳಿಗೆ ಕೊಡು ಎಂದು ಭಕ್ತಿಗೆ ಹೇಳಿದಳು. ಮುದುಕಿ ಟೇಬಲ್ಲುಗಳ ಥಂಡಿಯ ಬಗ್ಗೆ ಮತ್ತೊಮ್ಮೆ ಚೇಷ್ಟೆ ಮಾಡಿ ಬಟ್ಟೆ ತೆಗೆದುಕೊಂಡಳಂತೆ.

ತಪಾಸಣೆಯ ದಿನ ಇಲಾಖೆಯ ಡಾಕ್ಟರು ಅವಳಿಂದ ಅಂಗಿಯ ಗುಂಡಿ ಹಾಕಿಸಿದರು, ತೆಗೆಸಿದರು. ಒಂದಕ್ಕೊಂದು ಅಂಟಿದ ನೋಟು ಬಿಡಿಸಲು ಹೇಳಿದರು. ಒಂದು ಯಂತ್ರವನ್ನು ಹಿಂಡಿಸಿ ಮುಷ್ಟಿಯ ಬಲ ಅಳೆದರು. ಅದು ಇರಬೇಕಾದದ್ದಕ್ಕಿಂತ ಸ್ವಲ್ಪ ಕಡಿಮೆ ಬಂತು. ಡಾಕ್ಟರು ಪೆನ್ನು ಹಿಡಿದು ಯೋಚಿಸಿದರು.

"ಮೂರು ತಿಂಗಳು ಸ್ಟೋರ್‌ನಲ್ಲಿದ್ದು ಆಮೇಲೆ ನೋಡೋಣವೇ?"

"ಸಾಹೇಬ್ರ, ಟಿಕೆಟ್ ಮಷೀನ್ ಕೊಡ್ರಿ."

ಕೊಟ್ಟರು. ಅವಳು ಎಡಗೈಯಲ್ಲಿ ಮಷೀನು ಹಿಡಿದು ಬಲಗೈಯ ಬೆರಳಿನಿಂದ, ಹುಕ್ಕೇರಿಗೆ ಎರಡು ಪೂರ್ತಿ, ಘಟಪ್ರಭೆಗೆ ಒಂದು ಅರ್ಧ, ಹೆಂಗಸರಿಗೆ ಐದು ಪುಕ್ಕಟೆ ಎಂದು ಬಾಯಲ್ಲಿ ಹೇಳುತ್ತ ಒತ್ತಿದಳು. ನಡುನಡುವೆ ಚೀಟಿ ಹರಿದು ಅವರ ಮುಂದೆ ಇಟ್ಟಳು. ಹನ್ನೆರಡನೆಯ ಚೀಟಿಗೆ ಡಾಕ್ಟರು, "ಸಾಕಮ್ಮ, ಸಾಕು," ಎಂದು ಕೈ ಎತ್ತಿದರು. ಒಂದು ತಿಂಗಳು ಗೋಕಾಕ ಹುಕ್ಕೇರಿ ನಡುವೆ ಮಾತ್ರ, ದಿನಕ್ಕೆ ಎರಡೇ ಸರತಿ, ಆಮೇಲೆ ಪೂರ್ತಿ ದಾರಿ ಎಂದು ಬರೆದುಕೊಟ್ಟರು. ಶೈಲಾ ಅಲ್ಲಿಂದ ನೇರ ಡಿಪೋಕ್ಕೆ ಹೋಗಿ ಡ್ರಾವರಿನಲ್ಲಿದ್ದ ಅರ್ಜಿಯನ್ನು ಕೇಳಿ ಪಡೆದು, ಮ್ಯಾನೇಜರರ ಎದುರಿಗೇ ನಾಲ್ಕು ತುಂಡು ಮಾಡಿದಳು.

ಮೊದಲ ದಿನ ಸೋಮಶೇಖರ ಅವಳನ್ನು ಬಸ್ ನಿಲ್ದಾಣಕ್ಕೆ ಬಿಟ್ಟ. ಹುಷಾರು ಎನ್ನಲಿಲ್ಲ. ಬೈಕಿನ ಮೇಲೆ ಕೂತೇ ಗಾಡಿ ಹೊರಡುವ ತನಕ ನಿಂತ. ಡ್ರೈವರ್ ಸೋಮಲಿಂಗ ಕನ್ನಡಿಯಲ್ಲಿ ಅವಳನ್ನು ನೋಡಿ ಹಲ್ಲು ಕಿಸಿದ.

ಘಟಪ್ರಭೆಯಲ್ಲಿ ರೈಲು ಇಳಿದವರು ಒಮ್ಮೆಲೇ ನುಗ್ಗಿದರು. ಕಾಲಿಡಲು ಜಾಗವಿಲ್ಲ. ಶೈಲಾ ಸೀಟಿನಿಂದ ಸೀಟಿಗೆ ನಿಧಾನ ಸರಿದಳು. ಒಂದು ತಾಸಿಗೆ ಮಣಿಕಟ್ಟು ನೋಯತೊಡಗಿತ್ತು, ಚಿಲ್ಲರೆ ಎಣಿಸುವಾಗ ಒಂದು ನಾಣ್ಯ ಜಾರಿ ಯಾರದೋ ಕಾಲಡಿ ಹೋಯಿತು. ಬಗ್ಗಿ ಹುಡುಕಿ ಎತ್ತಿದಳು. ನಡುವೆ ಕೂತಿದ್ದ ಬಿಳಿ ಅಂಗಿಯವನೊಬ್ಬ ಬಾಜೂದವನಿಗೆ ಕೇಳುವ ಹಾಗೆ ಅಂದ.

"ಕೈ ಆಗದವ್ರು ಮನ್ಯಾಗ ಕುಂದ್ರಬೇಕಪಾ. ಹಿಂಗ ಟಿಕೆಟ್ ಹರದ್ರ ಹುಕ್ಕೇರಿ ದಾಟಿ ಹೋಗ್ತೇವಿ."

ಗಾಡಿಯಲ್ಲಿ ಎರಡು ಮೂರು ಮಂದಿ ನಕ್ಕರು. ಶೈಲಾ ಅವನ ಮುಂದೆ ಹೋಗಿ ನಿಂತಳು. ಗಾಡಿ ಹೊಂಡಕ್ಕೆ ಬಿದ್ದು ಎದ್ದಿತು. ಅವಳು ಕಾಲು ಅಗಲಿಸಿ ನಿಂತಿದ್ದವಳು ಅಲ್ಲಾಡಲಿಲ್ಲ.

"ಮನ್ಯಾಗ ಆರ ತಿಂಗಳ ಕುಂತಿದ್ನಿರಿ ಅಣ್ಣಾರ," ಎಂದಳು, ಹಿಂದಿನ ಸೀಟಿನ ತನಕ ಕೇಳುವ ಆ ಹಳೆಯ ದನಿಯಲ್ಲಿ. "ಕುಂದ್ರೂದು ಸಾಕಾತು. ಈಗ ನಾ ನಿಂದರ್ತೇನಿ, ನೀವು ಕುಂದರ್ರಿ. ಹುಕ್ಕೇರಿ ಒಂದಾ, ಎರಡಾ?"

"ಒಂದು," ಎಂದ ಅವನು.

ಅವಳು ಬಲಗೈಯಿಂದ ಚೀಟಿ ಹರಿದು ಅವನ ಕೈಗೆ ಕೊಟ್ಟು, ಮುಂದಿನ ಸೀಟಿನವರ ಕಡೆ ತಿರುಗಿದಳು.